ಗಾಡಿ ಕೆಳಗಿನ ಲಾಟೀನು

ನಮ್ಮೂರಿನಿಂದ ಕಬ್ಬಿನ ಗಾಡಿಗಳು ಮಂಡ್ಯದ ಕಡೆ ಹೊರಡುತ್ತಿದ್ದದ್ದು ರಾತ್ರಿ ಊಟ ಆದಮೇಲೆ. ಹೊರಡುವ ಮುಂಚೆ ಅಪ್ಪ ಗಾಡಿಯ ಅಡಿಗೆ, ಎರಡು ಚಕ್ರಗಳ ನಡುವೆ, ಒಂದು ಸೀಮೆಎಣ್ಣೆ ಲಾಟೀನು ಕಟ್ಟುತ್ತಿದ್ದರು. ಅದು ನನ್ನ ತಲೆಗೆ ಹೋಗುತ್ತಿರಲಿಲ್ಲ. ದಾರಿ ಕಾಣಬೇಕಾದರೆ ಮುಂದೆ ಮೂಕಿಗೆ ಕಟ್ಟಬೇಕು ತಾನೇ? ಕೇಳಿದ್ದಕ್ಕೆ, "ಎತ್ಗಳಿಗೆ ದಾರಿ ಗೊತ್ತದೆ ಕಣ್ಲಾ. ಈ ದೀಪ ಲಾರಿಯೋನ್ಗೆ" ಅಂದಿದ್ದರು.

ಆ ಮಾತು ಮತ್ತೆ ನೆನಪಾಗಿದ್ದು ಕೆನಡಾದ ಮಿಸ್ಸಿಸ್ಸಾಗಾದಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಕೂತಿದ್ದಾಗ.

ಆನ್‌ಸೈಟ್ ಅಂತ ಹೋಗಿದ್ದೆ. ಹಳೇ ಕಾರೊಂದನ್ನು ಕೊಂಡಿದ್ದೆ. ಅದರ ಹೆಡ್‌ಲೈಟು ನಮ್ಮೂರಿನ ಲೋ ವೋಲ್ಟೇಜ್ ಬಲ್ಬಿನ ಥರ ಹಳದಿ. ಪಕ್ಕದ ಲೇನಿನಲ್ಲಿ ಹೋಗುವ ದೊಡ್ಡ ಕಾರುಗಳಿಗೆಲ್ಲ ಬೆಳ್ಳನೆಯ, ಅಂಚಿನಲ್ಲಿ ಕೊಂಚ ನೀಲಿ ಬಣ್ಣದ ಝೆನಾನ್ ದೀಪ. ನನಗೂ ಬೇಕು ಅನ್ನಿಸಿತು. ಆನ್‌ಲೈನ್‌ನಲ್ಲಿ ಎಚ್‌ಐಡಿ ಕಿಟ್ ಒಂದನ್ನು ತರಿಸಿ, ಹಾಸನದ ಗೆಳೆಯನೊಬ್ಬನನ್ನು ಕರೆದು, ಶನಿವಾರ ಮಧ್ಯಾಹ್ನ ಪೂರ್ತಿ ಕೂತು ಹಾಕಿದೆವು. ರಾತ್ರಿ ಆನ್ ಮಾಡಿದರೆ ಎದುರಿನ ಗೋಡೆ ಹಗಲಾಯಿತು. ಇಬ್ಬರೂ ಕುಣಿಯೋದೊಂದು ಬಾಕಿ.

ಬೆಳಿಗ್ಗೆ ಕೀ ತಿರುಗಿಸಿ ಹ್ಯಾಂಡ್‌ಬ್ರೇಕ್ ಇಳಿಸಿದೆ. ಬಾನೆಟ್ಟಿನ ಒಳಗಿಂದ ಟಕಟಕಟಕ ಅಂತ ಸದ್ದು. ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು. ದೀಪದ ಸ್ವಿಚ್ ಮುಟ್ಟಿರಲೇ ಇಲ್ಲ! ಮುಟ್ಟಬೇಕಾಗಿಯೂ ಇರಲಿಲ್ಲ. ಕೆನಡಾದ ಕಾರು ಹಗಲು ತಾನಾಗೇ ದೀಪ ಹಚ್ಚಿಕೊಳ್ಳುತ್ತದೆ. ಅದೇ ಡೇಟೈಮ್ ರನ್ನಿಂಗ್ ಲೈಟ್, ಡಿಆರ್‌ಎಲ್.

ಹಟ್ಟಹಗಲಲ್ಲಿ ದೀಪ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದರೆ ಉತ್ತರ ಯೂರೋಪಿಗೆ ತಲುಪುತ್ತೀರಿ. ಅಲ್ಲಿ ಚಳಿಗಾಲದ ಸೂರ್ಯ ಮೇಲೇರುವುದೇ ಇಲ್ಲ; ದಿಗಂತಕ್ಕೆ ಅಂಟಿಕೊಂಡೇ ಸಾಗಿ ಮುಳುಗುತ್ತಾನೆ. ಬೂದು ಆಕಾಶ, ಬೂದು ರಸ್ತೆ, ಬೂದು ಕಾರು. ಫಿನ್‌ಲ್ಯಾಂಡ್ 1972ರಲ್ಲಿ ಊರಾಚೆಯ ರಸ್ತೆಗಳಲ್ಲಿ ಚಳಿಗಾಲದ ಹಗಲಿಗೂ ದೀಪ ಕಡ್ಡಾಯ ಮಾಡಿತು. ಸ್ವೀಡನ್ 1977ರಲ್ಲಿ ಇನ್ನೂ ಮುಂದೆ ಹೋಗಿ, ವರ್ಷವಿಡೀ ಎಲ್ಲ ರಸ್ತೆಯಲ್ಲೂ ಹಚ್ಚಿ ಅಂದಿತು. ಹತ್ತು ವರ್ಷದ ಹಿಂದೆ, 1967ರ ಸೆಪ್ಟೆಂಬರ್ 3ರಂದು, ಇಡೀ ದೇಶವನ್ನು ಒಂದೇ ದಿನದಲ್ಲಿ ಎಡದಿಂದ ಬಲಕ್ಕೆ ಸರಿಸಿದ್ದ ಜನ ಅವರು. ಹಗಲು ದೀಪ ಹಚ್ಚಿ ಅಂದರೆ ಹಚ್ಚದೆ ಇರುತ್ತಾರೆಯೇ? ಆ ದೀಪಕ್ಕೆ ಅವರಿಟ್ಟ ಹೆಸರು 'ವಾರ್ಸೆಲ್‌ಯೂಸ್'. ಸೂಚನೆ ಕೊಡುವ ಬೆಳಕು ಅಂತ ಅರ್ಥ. ವೋಲ್ವೋ, ಸಾಬ್ ಕಾರುಗಳಲ್ಲಿ ಇದಕ್ಕೆಂದೇ 21 ವ್ಯಾಟಿನ ಸಣ್ಣ ಬಲ್ಬು ಬಂತು. ದಾರಿ ತೋರಿಸಲು ಅದು ಯಾವ ಕೆಲಸಕ್ಕೂ ಬಾರದು. ಎದುರಿನವನಿಗೆ 'ಇಲ್ಲೊಬ್ಬ ಬರ್ತಿದ್ದಾನೆ' ಅಂತ ಹೇಳುವುದಷ್ಟೇ ಅದರ ಕೆಲಸ. ಅಪ್ಪನ ಲಾಟೀನು ನೆನಪಾದದ್ದು ಇಲ್ಲೇ.

ಡೆನ್ಮಾರ್ಕ್ 1990ರಲ್ಲಿ ಈ ದಾರಿ ಹಿಡಿಯಿತು. ಕೆನಡಾ ಸ್ವಲ್ಪ ಬೇರೆ ಮಾಡಿತು. ದೀಪ ಹಚ್ಚುವ ಕೆಲಸವನ್ನು ಚಾಲಕನಿಗೆ ಬಿಡದೆ ಕಾರಿಗೇ ವಹಿಸಿತು: 1989ರ ಡಿಸೆಂಬರ್ 1ರಿಂದ ತಯಾರಾಗುವ ಕಾರುಗಳಲ್ಲಿ ಡಿಆರ್‌ಎಲ್ ಇರಲೇಬೇಕು. ನೆರೆಯ ಅಮೆರಿಕ 1993ರಲ್ಲಿ ಅದಕ್ಕೆ ಅವಕಾಶ ಮಾತ್ರ ಕೊಟ್ಟಿತು, ಕಡ್ಡಾಯ ಮಾಡಲಿಲ್ಲ. ಜನರಲ್ ಮೋಟರ್ಸ್ 1995ರಿಂದ ತಾನಾಗಿಯೇ ಹಾಕಲು ಶುರು ಮಾಡಿ, ಆಮೇಲೆ ಎಲ್ಲರಿಗೂ ಕಡ್ಡಾಯ ಮಾಡಿ ಅಂತ ಅರ್ಜಿ ಹಾಕಿತು. 2009ರಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ಆಸ್ಟ್ರಿಯಾದ್ದು ಇನ್ನೂ ತಮಾಷೆ. 2005ರಲ್ಲಿ ಕಡ್ಡಾಯ ಮಾಡಿ 2008ರಲ್ಲಿ ಹಿಂತೆಗೆದುಕೊಂಡಿತು. ಯೂರೋಪಿನ ಬೈಕ್ ಸವಾರರಿಗೂ ಇದರ ಮೇಲೆ ಸಿಟ್ಟು: ಎಲ್ಲ ಕಾರೂ ದೀಪ ಹಚ್ಚಿಕೊಂಡರೆ ನಮ್ಮ ದೀಪಕ್ಕೆ ಬೆಲೆ ಏನು? ನ್ಯಾಯವಾದ ಪ್ರಶ್ನೆಯೇ.

ಇನ್ನು ನನ್ನ ಕಾರಿನ ಟಕಟಕದ ಮೂಲ. ಕಾನೂನು ದೀಪ ಬೇಕು ಅಂದಾಗ, ಪ್ರತ್ಯೇಕ ಬಲ್ಬು ಹಾಕುವುದಕ್ಕಿಂತ ಇರುವ ಹೆಡ್‌ಲೈಟನ್ನೇ ಮಂದವಾಗಿ ಉರಿಸುವುದು ಅಗ್ಗ. ಉಪಾಯ ಸರಳ. ಎಡಗಡೆ, ಬಲಗಡೆಯ ಹೈಬೀಮ್ ಫಿಲಮೆಂಟುಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದೊಂದಕ್ಕೆ 12ರ ಬದಲು 6 ವೋಲ್ಟ್. ಪಿಯುಸಿಯಲ್ಲಿ ಓದಿದ್ದೇ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಅರ್ಧವಾದರೆ ಬೆಳಕು ಅರ್ಧವಾಗುವುದಿಲ್ಲ, ಹೆಚ್ಚುಕಮ್ಮಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಗಲಿಗೆ ಅಷ್ಟು ಸಾಕು. ಕೆಲವು ಕಾರುಗಳಲ್ಲಿ ಕರೆಂಟನ್ನೇ ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡಿ ಮಂದ ಮಾಡುತ್ತಾರೆ. ಎರಡೂ ಉಪಾಯ ನಡೆಯುವುದು ತಂತಿ ಕಾದು ಬೆಳಗುವ ಬಲ್ಬು ಇರುವವರೆಗೆ ಮಾತ್ರ.

ಎಚ್‌ಐಡಿಯಲ್ಲಿ ತಂತಿಯೇ ಇಲ್ಲ. ಅದು ಪಳಗಿಸಿಟ್ಟ ಸಿಡಿಲು ಅನ್ನಬಹುದು. ಕಡಲೆಕಾಳಿನಷ್ಟು ದೊಡ್ಡ ಕ್ವಾರ್ಟ್ಜ್ ಗುಳ್ಳೆ, ಒಳಗೆ ಝೆನಾನ್ ಅನಿಲ, ಲೋಹದ ಲವಣಗಳು, ಎರಡು ಎಲೆಕ್ಟ್ರೋಡು. ಬ್ಯಾಲಸ್ಟ್ ಎಂಬ ಡಬ್ಬಿ ಮೊದಲು 20 ಸಾವಿರ ವೋಲ್ಟಿಗೂ ಮೇಲಿನ ಏಟು ಕೊಟ್ಟು ಕಿಡಿ ಹಾರಿಸುತ್ತದೆ, ಆಮೇಲೆ ಸುಮಾರು 85 ವೋಲ್ಟಿನಲ್ಲಿ ಅದನ್ನು ಆರದಂತೆ ಕಾಯುತ್ತದೆ. ಲವಣ ಆವಿಯಾಗಿ ಪೂರ್ತಿ ಬೆಳಕು ಬರಲು ಕೆಲವು ಸೆಕೆಂಡು ಬೇಕು. ಇಂಥ ದೀಪ ಕಾರಿಗೆ ಮೊದಲು ಬಂದದ್ದು 1991ರಲ್ಲಿ, ಬಿಎಂಡಬ್ಲ್ಯುನ 7 ಸೀರೀಸಿನಲ್ಲಿ. 55 ವ್ಯಾಟ್ ಹ್ಯಾಲೊಜೆನ್ 1500 ಲ್ಯೂಮೆನ್ ಕೊಡುವ ಕಡೆ ಇದು 35 ವ್ಯಾಟಿನಲ್ಲೇ 3200ರ ಹತ್ತಿರ ಕೊಡುತ್ತದೆ. ಎಂಜಿನಿಯರ್ ಆದವನಿಗೆ ಈ ಲೆಕ್ಕ ನೋಡಿದರೆ ಬಾಯಲ್ಲಿ ನೀರೂರುತ್ತದೆ, ಸುಳ್ಳು ಯಾಕೆ ಹೇಳಲಿ.

ಸಿರಿವಂತರ ಕಾರಿನ ದೀಪ ಎಲ್ಲರ ಕಣ್ಣಿಗೂ ಬಿತ್ತು. ನ್ಯೂಜೆರ್ಸಿ ಕಡೆ ನಿಸ್ಸಾನ್ ಮ್ಯಾಕ್ಸಿಮಾ ಕಾರುಗಳ ಝೆನಾನ್ ದೀಪ ಕಿತ್ತುಕೊಂಡು ಹೋಗುವ ಕಳ್ಳರ ಕಾಟವೇ ಶುರುವಾಗಿತ್ತು. ಕದಿಯಲಾರದ ನಮ್ಮಂಥವರಿಗೆ ಅಗ್ಗದ ಕಿಟ್ ಬಂತು.

ಆ ಕಿಟ್ಟನ್ನು 6 ವೋಲ್ಟಿನ ಡಿಆರ್‌ಎಲ್ ತಂತಿಗೆ ಸಿಕ್ಕಿಸಿದರೆ ಏನಾಗುತ್ತದೆ? 12 ವೋಲ್ಟಿನ ರಿಲೇ ಪೂರ್ತಿ ಎಳೆಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಅದೇ ಟಕಟಕ. ಪ್ರತಿ ಟಕ್ಕಿಗೂ ಬ್ಯಾಲಸ್ಟ್ ಕಿಡಿ ಹಾರಿಸಲು ಒದ್ದಾಡುತ್ತದೆ. ಹೀಗೇ ಬಿಟ್ಟರೆ ಬ್ಯಾಲಸ್ಟೂ ಇಲ್ಲ, ಬಲ್ಬೂ ಇಲ್ಲ. ಸರಿಯಾದ ದಾರಿ ಅಂದರೆ ಡಿಆರ್‌ಎಲ್‌ಗೆ ಬೇರೆಯೇ ದೀಪ ಕೊಟ್ಟು, ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ತಂತಿ ಎಳೆಯುವುದು. ನಾನು ಮಾಡಿದ್ದು ಸುಲಭದ ದಾರಿ. ಡಿಆರ್‌ಎಲ್ ಮಾಡ್ಯೂಲಿನ ಕನೆಕ್ಟರ್ ಕಿತ್ತು ಬಿಸಾಕಿದೆ. ಆಫೀಸಿನಲ್ಲಿ ಎರರ್ ಬಂದರೆ ಲಾಗಿಂಗ್ ಆಫ್ ಮಾಡುತ್ತಾರಲ್ಲ, ಹಾಗೆ. ಸದ್ದು ನಿಂತಿತು.

ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆ, ಹಿಮ ಬೀಳುತ್ತಿತ್ತು. ಕತ್ತಲಾಗಿರಲಿಲ್ಲ, ಹಾಗಾಗಿ ನಾನು ದೀಪ ಹಾಕಿರಲಿಲ್ಲ. ಎದುರಿನಿಂದ ಬಂದ ವ್ಯಾನೊಂದು ಎಡಕ್ಕೆ ತಿರುಗಿ ನೇರ ನನ್ನ ಮುಂದೆಯೇ ಅಡ್ಡ ಬಂತು. ಬ್ರೇಕ್ ಒತ್ತಿದೆ, ಕಾರು ಜಾರಿತು, ಒಂದು ಮೊಳ ದೂರದಲ್ಲಿ ನಿಂತಿತು. ವ್ಯಾನಿನ ಹೆಂಗಸು ಗಾಜು ಇಳಿಸಿ, ಬೈಯಲಿಲ್ಲ, ಅಳುವ ದನಿಯಲ್ಲಿ "ನೀನು ಕಾಣಿಸಲೇ ಇಲ್ಲ" ಅಂದಳು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಬೂದು ಸಂಜೆಯಲ್ಲಿ ಬೂದು ಕಾರು. ಫಿನ್‌ಲ್ಯಾಂಡಿನವರು 1972ರಲ್ಲಿ ಕಂಡುಕೊಂಡದ್ದು ನನಗೆ ಆವತ್ತು ಗೊತ್ತಾಯಿತು.

ಅವತ್ತೇ ರಾತ್ರಿ ವಾಪಸ್ ಬರುವಾಗ ಇನ್ನೊಂದನ್ನು ಗಮನಿಸಿದೆ. ಎದುರಿನ ಕಾರುಗಳು ಒಂದಾದ ಮೇಲೊಂದು ನನಗೆ ಲೈಟು ಹೊಡೆಯುತ್ತಿದ್ದವು. ದಿನಾ ಹೊಡೆಯುತ್ತಿದ್ದವೇನೋ, ನಾನೇ ಲೆಕ್ಕಕ್ಕೆ ತಗೊಂಡಿರಲಿಲ್ಲ. ನನ್ನದು ಲೋ ಬೀಮೇ ಇತ್ತು. ತಪ್ಪು ಬಲ್ಬಿನ ಜಾಗದ್ದು. ಹ್ಯಾಲೊಜೆನ್ ಎಚ್4 ಬಲ್ಬಿನಲ್ಲಿ ಲೋ ಬೀಮ್ ತಂತಿಯ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು ಇರುತ್ತದೆ. ಅದು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ಹೋಗದಂತೆ ತಡೆಯುವುದರಿಂದ ಬೆಳಕು ಎದುರಿನವರ ಕಣ್ಣಿಗೆ ಏರದೆ ರಸ್ತೆಯ ಮೇಲೆ ಬೀಳುತ್ತದೆ. ಪ್ರತಿಫಲಕದ ಒಂದೊಂದು ಬಾಗೂ ಆ ತಂತಿಯ ಜಾಗ, ಉದ್ದ ನೋಡಿ ಮಾಡಿದ್ದು. ಅಲ್ಲಿಗೆ ಬೇರೆ ಆಕಾರದ, ದುಪ್ಪಟ್ಟು ಬೆಳಕಿನ ಕಿಡಿ ತಂದಿಟ್ಟರೆ ಎಲ್ಲ ಕಡೆ ಚೆಲ್ಲುತ್ತದೆ. ಕಂಪನಿಯಿಂದಲೇ ಝೆನಾನ್ ಹಾಕಿ ಬರುವ ಕಾರಿಗೆ ಯೂರೋಪಿನ ನಿಯಮ ಬೇಕಾದಷ್ಟು ಲಗಾಮು ಹಾಕಿದೆ: 2000 ಲ್ಯೂಮೆನ್ ದಾಟಿದರೆ ಹಿಂದೆ ಭಾರ ಹೆಚ್ಚಾದಾಗ ದೀಪ ತಾನಾಗಿ ತಲೆ ತಗ್ಗಿಸಬೇಕು, ಗಾಜಿನ ಕೊಳೆ ಬೆಳಕನ್ನು ಚೆದುರಿಸದಂತೆ ತೊಳೆಯುವ ವ್ಯವಸ್ಥೆ ಬೇಕು. ಕಿಟ್ಟಿನ ಪೆಟ್ಟಿಗೆಯಲ್ಲಿ ಇದ್ಯಾವುದೂ ಬರುವುದಿಲ್ಲ.

ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ರಾತ್ರಿ ಎದುರಿನಿಂದ ಬಂದ ಲಾರಿ ಡಿಪ್ ಮಾಡದೆ ಫುಲ್ ಲೈಟಿನಲ್ಲೇ ಬಂದು ನಮ್ಮ ಎತ್ತುಗಳು ಬೆದರಿದವು. ಗಾಡಿ ಕಬ್ಬಿನ ಸಮೇತ ಚಾನೆಲ್ ಪಕ್ಕದ ಹಳ್ಳಕ್ಕೆ ಇಳಿಯಿತು. ಅಪ್ಪನಿಗೆ ಭುಜ ಮುರಿಯಿತು. ಬಲಗಡೆ ಎತ್ತು ಮತ್ತೆ ಏಳಲಿಲ್ಲ. ಸಾಲ ತೀರಲು ಮೂರು ವರ್ಷ ಹಿಡಿಯಿತು. ಕೆಳಗಿನ ಲಾಟೀನು ಮಾತ್ರ, ಗಾಜು ಒಡೆದಿದ್ದರೂ, ಇನ್ನೂ ಉರಿಯುತ್ತಿತ್ತಂತೆ. ಲಾರಿಗಳ ಹಿಂದೆ 'ಯೂಸ್ ಡಿಪ್ಪರ್ ಅಟ್ ನೈಟ್' ಅಂತ ಬರೆದಿರುವುದನ್ನು ಓದಿದಾಗೆಲ್ಲ ನನಗೆ ಆ ಲಾರಿಯ ಮೇಲೆ ಸಿಟ್ಟು ಬರುತ್ತಿತ್ತು. ಮಿಸ್ಸಿಸ್ಸಾಗಾದ ರಸ್ತೆಯಲ್ಲಿ ಆ ಲಾರಿ ನಾನೇ ಆಗಿದ್ದೆ.

ಮಾರನೇ ಶನಿವಾರ ಕಿಟ್ಟು ಬಿಚ್ಚಿದೆ. ಕನೆಕ್ಟರ್ ಹುಡುಕಿ ವಾಪಸ್ ಸಿಕ್ಕಿಸಿದೆ. ಹಳೇ ಬಲ್ಬು ಎಸೆದಿದ್ದರಿಂದ ಹೊಸ ಹ್ಯಾಲೊಜೆನ್ ಜೋಡಿ ತಂದೆ. ಮಬ್ಬಾಗಿದ್ದ ಗಾಜನ್ನು ಪಾಲಿಶ್ ಮಾಡಿದ ಮೇಲೆ ನೋಡಿದರೆ, ಬೆಳಕು ಕಮ್ಮಿ ಆಗಿದ್ದಕ್ಕೆ ಅರ್ಧ ಕಾರಣ ಆ ಗಾಜೇ.

ಅಷ್ಟರಲ್ಲಿ ಚರಿತ್ರೆಯೂ ಮುಂದೆ ಹೋಗಿತ್ತು. ಯೂರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯವಾಗಿ, ಕಾರಿನ ಹುಬ್ಬಿನಂಥ ಎಲ್‌ಇಡಿ ಗೆರೆಗಳು ಎಲ್ಲೆಲ್ಲೂ ಬಂದವು. ಎಚ್‌ಐಡಿಯ ಜಾಗವನ್ನೂ ಎಲ್‌ಇಡಿಯೇ ನುಂಗುತ್ತಿದೆ. ನಮ್ಮಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಜೆ.ಸಿ. ರಸ್ತೆಯಲ್ಲಿ ಒಮ್ಮೆ ಓಡಾಡಿ ಬನ್ನಿ, ಪಾಲನೆ ಹೇಗಿದೆ ಅಂತ ತಿಳಿಯುತ್ತದೆ.

ಹಗಲು ದೀಪ ನಮ್ಮೂರಿಗೂ ಬಂತು. 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟು ಸದಾ ಉರಿಯಲೇಬೇಕು. ಅಪ್ಪನಿಗೆ ಕೊಡಿಸಿದ ಸ್ಕೂಟರೂ ಅಂಥದ್ದೇ. ಮೊದಮೊದಲು ಎದುರಿಗೆ ಬಂದವರೆಲ್ಲ ಐದು ಬೆರಳು ಮುಚ್ಚಿ ತೆರೆದು ಸನ್ನೆ ಮಾಡೋರು. ಒಂದು ಸಲ ನಾನು ಹಿಂದೆ ಕೂತಿದ್ದೆ. ಸೊಸೈಟಿ ಹತ್ತಿರ ಹುಡುಗನೊಬ್ಬ ಬೈಕು ನಿಧಾನ ಮಾಡಿ, "ಯಜಮಾನ್ರೇ, ಲೈಟ್ ಉರೀತಾದೆ" ಅಂತ ಕೂಗಿದ.

"ಉರೀಲಿ ಬುಡಪ್ಪಾ. ನಿಂಗೆ ಕಾಣ್ತಲ್ಲ" ಅಂದರು ಅಪ್ಪ.