ದಾಸ್ಯ, ಧರ್ಮ, ಆಯುಧ: ಕೊಡಗಿನ ಜಮ್ಮದಾಳುಗಳನ್ನು ಕುರಿತ ಒಂದು ವಿಚಾರ

ಕೊಡಗಿನ ಮೂಡಣ ಅಂಚಿನಲ್ಲಿ, ಕಾಡು ಮುಗಿದು ಗದ್ದೆತೋಟಗಳು ತೊಡಗುವ ತಿತಿಮತಿಯ ಸುತ್ತ ಎರವರ ಹಾಡಿಗಳುಂಟು. ಇವರು ವಯನಾಡಿನಿಂದ ಬಂದವರೆಂದೂ ಅಲ್ಲಿ ದಾಸರಾಗಿದ್ದರೆಂದೂ ಹತ್ತೊಂಬತ್ತನೆಯ ಶತಮಾನದ ಗ್ರಂಥಗಳು ಹೇಳುತ್ತವೆ. ಕೊಡಗಿನಲ್ಲಿಯೂ ದಾಸ್ಯವಿದ್ದಿತು. ಭೂಮಿಜಮ್ಮದ ಆಳು ನೆಲಕ್ಕೆ ಕಟ್ಟುಬಿದ್ದವನು, ನೆಲ ಬಿಟ್ಟು ಮಾರಲ್ಪಡತಕ್ಕವನಲ್ಲ. ಒಕ್ಕಲುಜಮ್ಮದ ಆಳನ್ನಾದರೋ ಒಡೆಯನು ಮಾರಬಹುದಾಗಿದ್ದಿತು, ಒತ್ತೆಯಿಡಬಹುದಾಗಿದ್ದಿತು.

1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1843ರ 5ನೆಯ ಶಾಸನವು ಮನುಷ್ಯನ ಮೇಲಣ ಸ್ವಾಮ್ಯವನ್ನು ಯಾವ ನ್ಯಾಯಾಲಯವೂ ಮನ್ನಿಸಕೂಡದೆಂದು ವಿಧಿಸಿತು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಬಫಲೋ ನಗರದ ಸಭೆಯೊಂದರಲ್ಲಿ, ದಾಸನಾಗಿ ಹುಟ್ಟಿ ಬಾಲ್ಯದಲ್ಲಿಯೇ ತಪ್ಪಿಸಿಕೊಂಡು ಬಂದಿದ್ದ ಹೆನ್ರಿ ಹೈಲೆಂಡ್ ಗಾರ್ನೆಟ್ ದಾಸರನ್ನೇ ಉದ್ದೇಶಿಸಿ ಮಾತನಾಡಿದನು. ಅವನ ವಾದಕ್ಕೆ ಕ್ರಮವುಂಟು. ಒಪ್ಪಿ ದಾಸ್ಯಕ್ಕೆ ತಲೆಬಾಗುವುದು ದೈವದ್ರೋಹ. ಮೊದಲು ಒಡೆಯನಿಗೆ ನ್ಯಾಯವನ್ನು ತಿಳಿಯಹೇಳಿ ಕೂಲಿಯನ್ನು ಕೇಳಬೇಕು. ಕೊಡದಿದ್ದರೆ ದುಡಿಮೆಯನ್ನು ನಿಲ್ಲಿಸಬೇಕು. ಆಗ ಒಡೆಯನೇ ಕೊಲೆಗೆ ತೊಡಗಿದರೆ ಅದರ ಫಲ ಅವನದು. ಫ್ರೆಡರಿಕ್ ಡಗ್ಲಸನು ಇದನ್ನು ವಿರೋಧಿಸಿದನು. ಒಂದೇ ಮತದ ಅಂತರದಿಂದ ಸಭೆ ಅದನ್ನು ಅಂಗೀಕರಿಸಲಿಲ್ಲ.

ಈ ಕ್ರಮವನ್ನು ಕೊಡಗಿಗೆ ಹಿಡಿದು ನೋಡುವುದು ಯುಕ್ತ. ಮನುಷ್ಯನು ಸ್ವತ್ತಲ್ಲವೆಂಬ ಮೂಲವನ್ನು 1843ರ ಶಾಸನ ಒಪ್ಪಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ 100ನೆಯ ಕಲಮು ಇನ್ನೂ ಮುಂದೆ ಹೋಗಿ, ಅಪಹರಿಸಲು ಮೈಮೇಲೆ ಬಿದ್ದವನನ್ನು ಅವನ ಪ್ರಾಣಹಾನಿಯವರೆಗೂ ಎದುರಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಗಾರ್ನೆಟನ ಕಡೆಯ ಮೆಟ್ಟಿಲು ಹೀಗೆ ಬಹುಮಟ್ಟಿಗೆ ಶಾಸನದೊಳಗೇ ಸೇರಿತು. ನಡುವಣ ಮೆಟ್ಟಿಲು ಮಾತ್ರ ಮುರಿಯಿತು: ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವನನ್ನು ದಂಡಿಸುವ 1859ರ 13ನೆಯ ಶಾಸನ ತೋಟಗಾರರಿಗೆ ಆಧಾರವಾಯಿತು. ಆಯುಧವಾದರೂ ಆಳಿನ ಕೈಗೆ ಬರಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನರು ಕೊಡವರ ರಾಜನಿಷ್ಠೆಯನ್ನು ಮೆಚ್ಚಿ ಅವರನ್ನು ನಿರಾಯುಧೀಕರಣ ಶಾಸನದಿಂದ ಬಿಡುಗಡೆ ಮಾಡಿದರು. ಈ ವಿನಾಯಿತಿ ಮುಂದೆ ಜಮ್ಮ ಹಿಡುವಳಿದಾರರಿಗೂ ಸಂದಿತು. ಕೋವಿಯ ಹಕ್ಕು ಕುಲವನ್ನೂ ನೆಲವನ್ನೂ ಅನುಸರಿಸಿದುದರಿಂದ, ನೆಲವಿಲ್ಲದ ಎರವನಿಗೆ ಅದರಲ್ಲಿ ಪಾಲಿರಲಿಲ್ಲ.

ಆದುದರಿಂದ ಕೊಡಗಿನ ಆಳು ಕೋವಿಯೆತ್ತಲಿಲ್ಲವೆಂಬುದನ್ನು ಅವನ ಸಮ್ಮತಿಯೆಂದು ಭಾವಿಸುವುದು ಸರಿಯಲ್ಲ. ಹಕ್ಕನ್ನು ಬರೆದುಕೊಟ್ಟು ಸಾಧನವನ್ನು ಬೇರೆ ಕೈಗಳಲ್ಲಿ ಬಿಟ್ಟ ವ್ಯವಸ್ಥೆಯಲ್ಲಿ ಸೈರಣೆಯು ಒಪ್ಪಿಗೆಯಲ್ಲ. ಸಾಲದ ಜೀತವನ್ನು ರದ್ದುಗೊಳಿಸಿದ ಶಾಸನ ಬಂದುದು 1976ರಲ್ಲಿ, ಎಂದರೆ ಬಫಲೋ ಸಭೆಯಾಗಿ 133 ವರ್ಷಗಳ ತರುವಾಯ. ಅಷ್ಟು ಕಾಲ ಕಾಯಿಸಿದವರು ಕಾದವರ ಶಾಂತಿಯನ್ನು ತಮ್ಮ ಧರ್ಮಕ್ಕೆ ಸಾಕ್ಷಿಯಾಗಿ ಕರೆಯಲಾರರು.