ಜಲಪಾತಕ್ಕೆ ದಾರಿ ಯಾರದು?

ವರ್ಷದ ಬಹುಭಾಗ ಒಣಗಿರುವ ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಜಲಪಾತವೊಂದು ದೊರೆತರೆ ಜನ ಮುಗಿಬೀಳುವುದು ಸಹಜ. ಆದರೆ ನೆಲ ಸಾರ್ವಜನಿಕವಾದ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ.

ಲಾಸ್ ಏಂಜಲೀಸ್ ಸಮೀಪದ ಮಾಲಿಬುವಿನಲ್ಲಿರುವ ಎಸ್ಕಾಂಡಿಡೊ ಜಲಪಾತದ ಉದ್ಯಾನವು, 1980ರಲ್ಲಿ ರಾಜ್ಯ ಶಾಸನಸಭೆ ಸ್ಥಾಪಿಸಿದ ಸಾಂಟಾ ಮೋನಿಕಾ ಪರ್ವತ ಸಂರಕ್ಷಣಾ ಸಂಸ್ಥೆಗೆ ಸೇರಿದ್ದು. ಅಲ್ಲಿಗೆ ಹೋಗಲು ವಾಹನವನ್ನು ಕಡಲ ಹೆದ್ದಾರಿಯ ಬಳಿಯೇ ನಿಲ್ಲಿಸಿ, ಸಿರಿವಂತರ ಮನೆಗಳ ನಡುವಿನ ರಸ್ತೆಯಲ್ಲಿ ಸುಮಾರು ಮುಕ್ಕಾಲು ಮೈಲಿ ನಡೆಯಬೇಕು.

ಸ್ಯಾನ್ ಡಿಯಾಗೋದ ಕ್ಲೀವ್‌ಲ್ಯಾಂಡ್ ರಾಷ್ಟ್ರೀಯ ಅರಣ್ಯದ ಸೀಡರ್ ಕ್ರೀಕ್ ಜಲಪಾತದ ಇತಿಹಾಸ ಹೆಚ್ಚು ದುಃಖದ್ದು. 2011ರ ಜುಲೈನಲ್ಲಿ ಹದಿಹರೆಯದ ಬಾಲಕನೊಬ್ಬ ಬಿದ್ದು ಮೃತನಾದ ಬಳಿಕ ದಾರಿಯನ್ನೇ ಮುಚ್ಚಲಾಯಿತು. 2013ರಲ್ಲಿ ಮತ್ತೆ ತೆರೆದಾಗ ನಿಯಮಗಳು ಬಂದವು: ದಿನಕ್ಕೆ 75 ಪರವಾನಗಿ, ಒಂದೊಂದಕ್ಕೆ ಗರಿಷ್ಠ ಐವರು; ಮದ್ಯ ನಿಷಿದ್ಧ. ಅಂದರೆ ದಿನಕ್ಕೆ 375 ಜನರಿಗಷ್ಟೇ ಪ್ರವೇಶ.

ಇದನ್ನು ಹಕ್ಕಿನ ಮೊಟಕೆಂದು ಗೊಣಗುವವರಿದ್ದಾರೆ. ಆದರೆ ಆ ಎರಡು ವರ್ಷ ಒಬ್ಬರಿಗೂ ಪ್ರವೇಶವಿರಲಿಲ್ಲವೆಂಬುದನ್ನು ಮರೆಯಬಾರದು. ಜೋಗದ ಮೆಟ್ಟಿಲುಗಳನ್ನು ಇಳಿದು ಹತ್ತಿದ ನಮಗೆ ತಿಳಿದಿದೆ, ಜಲಪಾತದ ಬುಡಕ್ಕೆ ಇಳಿಯುವುದು ಸುಲಭ, ಮರಳಿ ಏರುವುದೇ ಕಷ್ಟ. ರಮೋನಾ ಕಡೆಯಿಂದ ಸೀಡರ್ ಕ್ರೀಕಿಗೆ ಇಳಿಯುವವರ ಪಾಡೂ ಅದೇ. ಪರವಾನಗಿಯ ಜೊತೆಗೆ ಸಾಕಷ್ಟು ನೀರನ್ನೂ ಒಯ್ಯುವುದು ಕ್ಷೇಮ.