ಹೇಸರಗತ್ತೆಯ ಬೆನ್ನೇರಿ ಬಂದ ಹಡಗುಗಳು

ಸಮುದ್ರದ ಹಡಗು ತಾನು ಹುಟ್ಟಿದ ಬಂದರಿನಿಂದ ಸ್ವಶಕ್ತಿಯಿಂದಲೇ ಹೊರಟು ಲೋಕದ ಯಾವ ದಡವನ್ನಾದರೂ ಮುಟ್ಟಬಲ್ಲದು. ಕಡಲಿಗೆ ಹಾದಿಯಿಲ್ಲದ ಸರೋವರದ ಹಡಗಾದರೋ ನೀರಿಗಿಳಿಯುವ ಮುನ್ನ ನೆಲದ ಮೇಲೆಯೇ ಬರಬೇಕು. ಆದಕಾರಣ ಅದರ ಚರಿತ್ರೆಯ ಪೂರ್ವಭಾಗವು ನಾವಿಕರಿಗಿಂತ ಹೆಚ್ಚಾಗಿ ಹೇರು ಹೊತ್ತ ಪ್ರಾಣಿಗಳಿಗೂ ಅವುಗಳನ್ನು ಅಟ್ಟಿಕೊಂಡು ನಡೆದವರಿಗೂ ಸೇರಿದುದು. 1823ರಲ್ಲಿ ಜಿನೀವಾ ಸರೋವರದ ಮೇಲೆ ಸಂಚಾರವಾರಂಭಿಸಿದ 'ಗಿಯೋಮ್ ಟೆಲ್' ಎಂಬ ಉಗಿಹಡಗಿನ ಒಡಲನ್ನು ಅಲ್ಲಿಯ ದಡದಲ್ಲಿಯೇ ಕಟ್ಟಿ, ಯಂತ್ರವನ್ನು ಮಾತ್ರ ಇಂಗ್ಲೆಂಡಿನಿಂದ ತರಿಸಿದರು. ಕಬ್ಬಿಣದ ಹಡಗನ್ನೇ ಇಡಿಯಾಗಿ ಪರ್ವತದ ಮೇಲಕ್ಕೆ ಸಾಗಿಸುವ ಸಾಹಸವು ನಡೆದುದು ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದಲ್ಲಿ.

ಪೆರು ಮತ್ತು ಬೊಲಿವಿಯ ದೇಶಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರುಗಳ ಎತ್ತರದಲ್ಲಿ, ಆಂಡೀಸ್ ಶ್ರೇಣಿಗಳ ಮಧ್ಯದಲ್ಲಿ ಹರಡಿಕೊಂಡಿರುವ ಈ ವಿಶಾಲ ಜಲರಾಶಿಯ ಮೇಲೆ ಅನಾದಿಯಿಂದ ಜೊಂಡುಹುಲ್ಲಿನ ದೋಣಿಗಳು ತೇಲುತ್ತಿದ್ದುವು. 1861ರಲ್ಲಿ ಪೆರು ಸರ್ಕಾರವು ಸರೋವರದ ಕಾವಲಿಗೂ ವ್ಯಾಪಾರಕ್ಕೂ ಒದಗುವಂತೆ ಎರಡು ಕಬ್ಬಿಣದ ಉಗಿಹಡಗುಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಲು ನಿಶ್ಚಯಿಸಿ, ಅಮೆಜಾನಿನ ಉಪನದಿಗಳ ನೆನಪಿಗೆ ಅವಕ್ಕೆ ಯಾವರಿ, ಯಾಪುರಾ ಎಂದು ಹೆಸರಿಟ್ಟಿತು. ಯಾವ ತುಂಡೂ ಒಂದು ಹೇಸರಗತ್ತೆಯ ಬೆನ್ನಿಗೆ ಮೀರಿದ ಭಾರವಾಗಕೂಡದೆಂಬ ಕಟ್ಟಳೆಯಂತೆ ಬಿಡಿಭಾಗಗಳಾಗಿಯೇ ಸಿದ್ಧವಾದ ಈ ಎರಡು ಹಡಗುಗಳು, ಒಟ್ಟು 2,766 ತುಂಡುಗಳಾಗಿ, ಕೇಪ್ ಹಾರ್ನ್ ಭೂಶಿರವನ್ನು ಬಳಸಿಕೊಂಡು 1862ರಲ್ಲಿ ಅರಿಕ ಬಂದರನ್ನು ಸೇರಿದುವು.

ಅಲ್ಲಿಂದ ತಾಕ್ನಾ ಪಟ್ಟಣದವರೆಗೆ ರೈಲಿತ್ತು. ಅದರಿಂದಾಚೆಗೆ ಮರುಭೂಮಿ, ಮರುಭೂಮಿಯನ್ನು ದಾಟಿದರೆ ಉಸಿರು ಕಟ್ಟಿಸುವ ಎತ್ತರದ ಕಣಿವೆದಾರಿಗಳು. ಆರು ತಿಂಗಳಲ್ಲಿ ಮುಗಿಯುವುದೆಂದೆಣಿಸಿದ್ದ ಸಾಗಾಟವು ಗುತ್ತಿಗೆದಾರರು ಸೋತು ಕೈಬಿಟ್ಟುದರಿಂದಲೂ, ಸ್ಪೇನಿನೊಡನೆ ಯುದ್ಧ, ರೈತರ ದಂಗೆ, 1868ರ ಭೀಕರ ಭೂಕಂಪ ಇವೆಲ್ಲ ಒಂದರ ಹಿಂದೊಂದು ಬಂದೆರಗಿದುದರಿಂದಲೂ ಆರು ವರ್ಷಗಳಿಗೂ ಮಿಕ್ಕಿ ಎಳೆಯಿತು. ಯಾವರಿ ನೀರಿಗಿಳಿದುದು 1870ರ ಡಿಸೆಂಬರ್ 25ರಂದು. ಲಂಡನ್ನಿನ ಕಾರ್ಖಾನೆಯವರು ಕಟ್ಟಿದ ಹಡಗೆಂದು ಗ್ರಂಥಗಳು ಹೇಳುವುದನ್ನು ಓದುವಾಗಲೆಲ್ಲ, ಕಟ್ಟಿದವರ ಸಾಲಿನಲ್ಲಿ ಈ ಹಾದಿಯ ಹಮಾಲರನ್ನೂ ಎಣಿಸುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಹಡಗು ಬಂದಿತು, ಒಲೆಗೆ ಉರುವಲೆಲ್ಲಿ? ಆ ಎತ್ತರದಲ್ಲಿ ಕಾಡು ಬೆಳೆಯದು. ಕಲ್ಲಿದ್ದಲನ್ನು ತರಿಸಬೇಕಾದರೆ ಅದೂ ಹೇಸರಗತ್ತೆಗಳ ಮೇಲೆಯೇ ಬರಬೇಕು. ಲಾಮಾ ಎಂಬ ಅಲ್ಲಿಯ ಸಾಕುಪ್ರಾಣಿಯ ಒಣಗಿದ ಹಿಕ್ಕೆಯೇ ಕಡೆಗೆ ಬಾಯ್ಲರಿನ ಆಹಾರವಾಯಿತು. ಮಂದೆಯ ಲಾಮಾಗಳೆಲ್ಲ ಒಂದೇ ಗೊತ್ತಾದ ಜಾಗದಲ್ಲಿ ಹಿಕ್ಕೆಯಿಕ್ಕುವ ಸ್ವಭಾವದವಾದ್ದರಿಂದ ಅದನ್ನು ಬಾಚಿ ಚೀಲಕ್ಕೆ ತುಂಬುವುದು ಕಷ್ಟವಿರಲಿಲ್ಲ. ಬೆಟ್ಟದ ಜನರ ಅಡುಗೆಯ ಒಲೆಗಳೂ ಬಹುಕಾಲದಿಂದ ಅದರಿಂದಲೇ ಉರಿಯುತ್ತಿದ್ದುವು. ಆದರೆ ಈ ಉರುವಲು ಬಲು ಹಗುರ, ಬೇಗ ಉರಿದುಹೋಗುವಂಥದು. ಅದನ್ನು ರಾಶಿರಾಶಿಯಾಗಿ ತುಂಬಿದರೆ ಸರಕಿಗೂ ಪ್ರಯಾಣಿಕರಿಗೂ ಎಡೆಯೇ ಉಳಿಯದು. ಆ ಇಕ್ಕಟ್ಟನ್ನು ನೀಗುವುದಕ್ಕೆಂದೇ ಮುಂದೆ ಯಾವರಿಯ ಒಡಲನ್ನು ನಡುವೆ ಕತ್ತರಿಸಿ, ಹೊಸ ಭಾಗವನ್ನು ಬೆಸೆದು, ಸುಮಾರು 12 ಮೀಟರುಗಳಷ್ಟು ಉದ್ದ ಮಾಡಬೇಕಾಯಿತು. 1914ರಲ್ಲಿ ಉಗಿಯಂತ್ರವನ್ನೇ ಕಿತ್ತು ಸ್ವೀಡನ್ನಿನ ತೈಲಯಂತ್ರವನ್ನು ಕೂರಿಸಿದರು.

1874ರಲ್ಲಿ ಮೊಲ್ಲೆಂಡೊ ಬಂದರಿನಿಂದ ಹೊರಟ ರೈಲುಹಾದಿಯು ಸರೋವರದ ದಡದ ಪುನೋ ಪಟ್ಟಣವನ್ನು ಮುಟ್ಟಿದ ಮೇಲೆ ಹೇಸರಗತ್ತೆಗಳ ಕೆಲಸ ತೀರಿತು. ಕೋಯ, ಇಂಕಾ ಮುಂತಾದ ದೊಡ್ಡ ಸ್ಟೀಮರುಗಳು ಒಂದೊಂದಾಗಿ ಬಂದುವು. 1931ರಲ್ಲಿ ನೀರಿಗಿಳಿದ ಓಯಾಂತಾ ಸಹ ಇಂಗ್ಲೆಂಡಿನ ಹಲ್ ಪಟ್ಟಣದಿಂದ ತುಂಡುಗಳಾಗಿಯೇ ಬಂದಿತಾದರೂ, ಬೆಟ್ಟವನ್ನೇರಿದುದು ರೈಲಿನಲ್ಲಿ. ಪುನೋದಲ್ಲಿ ರೈಲಿಳಿದ ಪ್ರಯಾಣಿಕನು ರಾತ್ರಿಯನ್ನು ಸ್ಟೀಮರಿನಲ್ಲಿ ಕಳೆದು, ಬೆಳಗ್ಗೆ ಬೊಲಿವಿಯದ ಗುವಾಕಿಯಲ್ಲಿ ದಡ ಸೇರಿ, ಲಾ ಪಾಜಿಗೆ ಹೋಗುವ ಇನ್ನೊಂದು ರೈಲನ್ನು ಹತ್ತುತ್ತಿದ್ದನು.